ನಡಿಗೆ ನೋಡಲು ಕಲಿಯುವುದು ಹೇಗೆ: ಕುಂಟು, ವಾಲಾಟ, ಎಳೆತದ ಹಿಂದಿನ ಕಾರಣ ಹುಡುಕುವವರಿಗೆ

ಮನೆಯಲ್ಲಿ ಯಾರಾದರೂ ಕುಂಟಲು ಶುರು ಮಾಡಿದರೆ ನಮ್ಮ ಬಾಯಿಂದ ಮೊದಲು ಬರುವ ಮಾತು, "ಸ್ವಲ್ಪ ನೆಟ್ಟಗೆ ನಡಿ". ವಯಸ್ಸಾದವರಾದರೆ "ಕಾಲು ಎತ್ತಿಡಿ, ಎಳೀಬೇಡಿ" ಅನ್ನುತ್ತೇವೆ. ಹೇಳಿದ ಎರಡು ನಿಮಿಷ ಅವರು ನೆಟ್ಟಗೆ ನಡೆಯುತ್ತಾರೆ. ಆಮೇಲೆ ಮತ್ತೆ ಅದೇ ನಡಿಗೆ.

ಅದು ಹಟವಲ್ಲ, ಸೋಮಾರಿತನವೂ ಅಲ್ಲ. ಎಲ್ಲೋ ನೋವಿರುತ್ತದೆ, ಎಲ್ಲೋ ಒಂದು ಸ್ನಾಯು ಸೋತಿರುತ್ತದೆ, ಎಲ್ಲೋ ಒಂದು ಕೀಲು ಮಡಚುತ್ತಿರುವುದಿಲ್ಲ. ಆದರೂ ಬೀಳದೆ ಮುಂದೆ ಹೋಗಬೇಕಲ್ಲ? ಅದಕ್ಕೆ ದೇಹ ತಾನೇ ಒಂದು ಉಪಾಯ ಹೂಡುತ್ತದೆ. ನಮ್ಮ ಕಣ್ಣಿಗೆ ಬೀಳುವ ವಾಲಾಟ, ಎಳೆತ, ಕುಂಟು ಬಹುಪಾಲು ಆ ಉಪಾಯವೇ. ಮೂಲ ತೊಂದರೆ ಬೇರೆ ಕಡೆ ಇರುತ್ತದೆ. ಉಪಾಯವನ್ನು ಬೈದು ಬಿಡಿಸಿದರೆ ಆ ವ್ಯಕ್ತಿ ಬೀಳಬಹುದು. ಹಾಗಾಗಿ ತಿದ್ದುವ ಮೊದಲು ನೋಡಲು ಕಲಿಯಬೇಕು.

ಈ ಬರಹ ಮನೆಯವರಿಗೆ, ಆರೈಕೆ ಮಾಡುವವರಿಗೆ, ಫಿಸಿಯೋಥೆರಪಿ ಓದಲು ಈಗಷ್ಟೇ ಶುರು ಮಾಡಿದವರಿಗೆ. ಯಾವ ಕಾಯಿಲೆ ಅಂತ ತೀರ್ಮಾನಿಸುವುದು ವೈದ್ಯರ ಕೆಲಸ. ಆದರೆ ಅವರ ಕೋಣೆಯಲ್ಲಿ ರೋಗಿ ನಡೆಯುವುದು ನಾಲ್ಕಾರು ಹೆಜ್ಜೆ, ಅದೂ ಮೈಯೆಲ್ಲ ಎಚ್ಚರ ಮಾಡಿಕೊಂಡು. ದಿನವಿಡೀ ನೋಡುವವರು ನೀವು. ನೀವು ಸರಿಯಾಗಿ ನೋಡಿ ಸರಿಯಾಗಿ ಹೇಳಿದರೆ ಅವರ ಕೆಲಸ ಎಷ್ಟೋ ಹಗುರವಾಗುತ್ತದೆ.

1. ಮೊದಲು ಸಹಜ ನಡಿಗೆ ತಿಳಿದುಕೊಳ್ಳಿ

ಒಂದು ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ ಒಂದು ನಡಿಗೆ ಚಕ್ರ. ಮಾಮೂಲಿ ವೇಗದಲ್ಲಿ ಇದಕ್ಕೆ ಸುಮಾರು 1 ಸೆಕೆಂಡು ಹಿಡಿಯುತ್ತದೆ. ಈ ಹೊತ್ತಿನಲ್ಲಿ ಸುಮಾರು ಶೇ 60 ಭಾಗ ಆ ಪಾದ ನೆಲದ ಮೇಲಿರುತ್ತದೆ. ಇದನ್ನು ಊರಿದ ಹಂತ ಅನ್ನೋಣ. ಉಳಿದ ಶೇ 40 ಭಾಗ ಕಾಲು ಗಾಳಿಯಲ್ಲಿ ಮುಂದಕ್ಕೆ ಬೀಸುತ್ತದೆ. ಇದು ಬೀಸುವ ಹಂತ. ಒಂದು ಕಾಲು ಊರಿ ಇನ್ನೊಂದು ಏಳುವ ಮೊದಲು ಎರಡೂ ಪಾದ ನೆಲದ ಮೇಲಿರುವ ಗಳಿಗೆ ಚಕ್ರಕ್ಕೆ ಎರಡು ಸಲ ಬರುತ್ತದೆ, ಒಂದೊಂದೂ ಸುಮಾರು ಶೇ 10 ಭಾಗ. ಓಟದಲ್ಲಿ ಈ ಗಳಿಗೆ ಇರುವುದೇ ಇಲ್ಲ. ಅಲ್ಲಿ ಎರಡೂ ಪಾದ ಗಾಳಿಯಲ್ಲಿರುವ ಗಳಿಗೆ ಬರುತ್ತದೆ.

ಎರಡೂ ಪಾದ ಊರಿರುವ ಈ ಗಳಿಗೆಯನ್ನು ನೆನಪಿಡಿ. ನಿಧಾನವಾಗಿ ನಡೆದಷ್ಟೂ ಇದು ಜಾಸ್ತಿಯಾಗುತ್ತದೆ. ಬೀಳುವ ಭಯ ಇರುವವರು ಹೆಜ್ಜೆ ಚಿಕ್ಕದು ಮಾಡಿ ನಿಧಾನಿಸುವುದು ಇದಕ್ಕೇ.

ಈಗ ಎದ್ದು ನಿಧಾನವಾಗಿ ನಡೆದು ನೋಡಿ. ಹಿಮ್ಮಡಿ ನೆಲ ಮುಟ್ಟುತ್ತದೆ. ಪಾದದ ಮುಂಭಾಗ ಪಟ್ಟನೆ ಬೀಳುವುದಿಲ್ಲ, ಮೆಲ್ಲಗೆ ಇಳಿಯುತ್ತದೆ. ಮಂಡಿ ಕೆಳಗೆ, ಕಾಲಿನ ಮುಂಭಾಗದಲ್ಲಿರುವ ಸ್ನಾಯು ಅದನ್ನು ಹಿಡಿದು ಹಿಡಿದು ಇಳಿಸುತ್ತದೆ. ಅದೇ ಹೊತ್ತಿಗೆ ಮಂಡಿ 15ರಿಂದ 20 ಡಿಗ್ರಿ ಮಡಚಿ ಮೈಭಾರದ ಹೊಡೆತವನ್ನು ನುಂಗಿಕೊಳ್ಳುತ್ತದೆ. ಮಂಡಿ ಪೂರ್ತಿ ಕುಸಿಯದಂತೆ ತೊಡೆಯ ಮುಂದಿನ ಸ್ನಾಯು ಕಾಯುತ್ತದೆ. ಆಮೇಲೆ ಮೈ ಪಾದದ ಮೇಲಿಂದ ಹಾದು ಮುಂದೆ ಹೋಗುತ್ತದೆ, ಮಂಡಿ ನೆಟ್ಟಗಾಗುತ್ತದೆ, ಹಿಮ್ಮಡಿ ಏಳುತ್ತದೆ, ಮೀನಖಂಡ ಬಲವಾಗಿ ತಳ್ಳುತ್ತದೆ. ನಡಿಗೆಯಲ್ಲಿ ಅತಿ ಹೆಚ್ಚು ಶಕ್ತಿ ಹುಟ್ಟುವುದು ಹೆಬ್ಬೆರಳು ನೆಲ ಬಿಡುವ ಮುನ್ನದ ಈ ತಳ್ಳಿನಲ್ಲೇ. ಕಾಲು ಎತ್ತಿದ ಮೇಲೆ ಮಂಡಿ ಸುಮಾರು 60 ಡಿಗ್ರಿವರೆಗೆ ಮಡಚುತ್ತದೆ, ಪಾದ ಮೇಲಕ್ಕೆ ಬಾಗುತ್ತದೆ. ಇಷ್ಟೆಲ್ಲ ಮಾಡಿದರೂ ಬೀಸುವ ಹಂತದ ನಡುವೆ ಬೆರಳ ತುದಿಗೂ ನೆಲಕ್ಕೂ ಇರುವ ಅಂತರ ಬರೀ 1ರಿಂದ 2 ಸೆಂಟಿಮೀಟರ್. ಸ್ನಾಯು ಸ್ವಲ್ಪ ಸೋತರೂ ಮನುಷ್ಯ ಎಡವುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ನಡೆಯುವಾಗ ಮೈ ಸುಮಾರು 5 ಸೆಂಟಿಮೀಟರ್‌ನಷ್ಟು ಏರಿ ಇಳಿಯುತ್ತದೆ. ಏರುವಾಗ ವೇಗ ಸ್ವಲ್ಪ ತಗ್ಗುತ್ತದೆ, ಇಳಿಯುವಾಗ ಅದೇ ಎತ್ತರ ವೇಗವಾಗಿ ವಾಪಸ್ ಸಿಗುತ್ತದೆ. ಸಮತಟ್ಟಿನ ನಡಿಗೆ ಅಷ್ಟು ಕಡಿಮೆ ಆಯಾಸದ್ದಾಗಲು ಇದೊಂದು ಮುಖ್ಯ ಕಾರಣ. ಕೈಗಳು ಎದುರು ಕಾಲಿನ ಜೊತೆ ಬೀಸುವುದೂ ಸುಮ್ನೆ ಅಲ್ಲ. ಕಾಲಿನ ಬೀಸಿನಿಂದ ಮೈ ತಿರುಚಿಕೊಳ್ಳುವುದನ್ನು ಅದು ಸರಿದೂಗಿಸುತ್ತದೆ.

ಆರೋಗ್ಯವಾಗಿರುವ ದೊಡ್ಡವರು ತಮ್ಮ ಪಾಡಿಗೆ ನಡೆಯುವಾಗ ನಿಮಿಷಕ್ಕೆ 100ರಿಂದ 120 ಹೆಜ್ಜೆ ಹಾಕುತ್ತಾರೆ. ವೇಗ ಸೆಕೆಂಡಿಗೆ 1.2ರಿಂದ 1.4 ಮೀಟರ್‌ನಷ್ಟು ಇರುತ್ತದೆ.

2. ಒಂಟಿ ಕಾಲಿನ ಗಳಿಗೆಯನ್ನು ಕೈಯಿಂದ ಮುಟ್ಟಿ ನೋಡಿ

ನಡಿಗೆಯಲ್ಲಿ ಅತಿ ಕಷ್ಟದ ಗಳಿಗೆ ಯಾವುದು ಅಂತ ನನ್ನನ್ನು ಕೇಳಿದರೆ, ಒಂದು ಕಾಲು ಗಾಳಿಯಲ್ಲಿದ್ದು ಇನ್ನೊಂದೇ ಇಡೀ ಮೈ ಹೊತ್ತಿರುವ ಗಳಿಗೆ ಅನ್ನುತ್ತೇನೆ. ಇದೊಂದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಮುಂದಿನ ಅರ್ಧ ವಿಷಯ ತಾನಾಗಿ ತಿಳಿಯುತ್ತದೆ.

ಎರಡೂ ಅಂಗೈಯನ್ನು ಸೊಂಟದ ಅಕ್ಕಪಕ್ಕ ಇಡಿ. ಸೊಂಟದ ಮೂಳೆಯ ಏಣಿನಿಂದ ಕೆಳಗೆ, ತೊಡೆಯ ಹೊರಬದಿಯಲ್ಲಿ ಸಿಗುವ ಉಬ್ಬಿನಿಂದ ಮೇಲೆ. ಈಗ ನಾಲ್ಕು ಹೆಜ್ಜೆ ನಡೆಯಿರಿ. ಯಾವ ಕಾಲು ಊರುತ್ತೀರೋ ಆ ಕಡೆಯ ಸ್ನಾಯು ಗಟ್ಟಿಯಾಗುವುದು ಕೈಗೆ ತಿಳಿಯುತ್ತದೆ.

ಅದು ಗಟ್ಟಿಯಾಗದಿದ್ದರೆ ಏನಾಗುತ್ತದೆ? ಬಲಗಾಲು ಊರಿದಾಗ ಮೈಭಾರ ಬಲ ಸೊಂಟದ ಕೀಲಿನಿಂದ ಎಡಕ್ಕಿರುತ್ತದೆ. ಆದ್ದರಿಂದ ಸೊಂಟ ಎಡಕ್ಕೆ ಕುಸಿಯಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದು ಬಲಬದಿಯ ಆ ಸ್ನಾಯು. ಇದು ಮಕ್ಕಳು ಆಡುವ ಏರಿಳಿ ಹಲಗೆಯ ಲೆಕ್ಕವೇ: ಕೀಲು ನಡುವಿನ ಆಧಾರ, ಒಂದು ಕಡೆ ಮೈಭಾರ, ಇನ್ನೊಂದು ಕಡೆ ಸ್ನಾಯು. ಆದರೆ ಸ್ನಾಯುವಿನ ಕಡೆ ಹಲಗೆ ಗಿಡ್ಡ. ಮೈಭಾರದ ಕಡೆಯ ಉದ್ದದಲ್ಲಿ ಅರ್ಧ ಇರಬಹುದು, ಅಷ್ಟೆ. ಹಾಗಾಗಿ ಸ್ನಾಯು ತಾನು ತಡೆಯುವ ಭಾರದ ಎರಡು ಪಟ್ಟಿನಷ್ಟು ಜಗ್ಗಬೇಕು. ಭಾರ ಮತ್ತು ಜಗ್ಗುವ ಬಲ ಎರಡೂ ಸೇರಿ ಕೀಲಿನ ಮೇಲೆ ಬೀಳುತ್ತವೆ. ಮಾಮೂಲಿ ನಡಿಗೆಯಲ್ಲೇ ಸೊಂಟದ ಕೀಲಿನ ಮೇಲೆ ಬೀಳುವ ಒತ್ತು ಮೈತೂಕದ ಎರಡೂವರೆಯಿಂದ ಮೂರು ಪಟ್ಟು. 60 ಕಿಲೋ ತೂಕದವರಿಗೆ ಅದು ಪ್ರತಿ ಹೆಜ್ಜೆಗೂ 150ರಿಂದ 180 ಕಿಲೋ.

ಈ ಲೆಕ್ಕ ಮನಸ್ಸಿನಲ್ಲಿರಲಿ. ವಾಲಾಡುವ ನಡಿಗೆಗೂ, ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು ಅನ್ನುವುದಕ್ಕೂ ಇದೇ ಉತ್ತರ.

3. ನೋಡುವ ಮೊದಲು ಸಿದ್ಧತೆ

ಆರೆಂಟು ಮೀಟರ್ ಉದ್ದದ ಸಮತಟ್ಟಾದ ಜಾಗ ಸಾಕು. ಮಂಡಿ ಕಾಣುವ ಬಟ್ಟೆ ಹಾಕಿಸಿ. ಜಾರದ ನೆಲವಾದರೆ ಮೊದಲು ಬರಿಗಾಲು, ಆಮೇಲೆ ದಿನಾ ಹಾಕುವ ಚಪ್ಪಲಿ ಅಥವಾ ಶೂ. ಬೀಳುವ ಸಾಧ್ಯತೆ ಇದ್ದರೆ ಒಬ್ಬರು ಪಕ್ಕದಲ್ಲಿ, ಸ್ವಲ್ಪ ಹಿಂದೆ, ಸೋತ ಬದಿಯಲ್ಲಿ ನಡೆಯಲಿ. ಕೈ ಹಿಡಿಯಬೇಡಿ. ಕೈ ಹಿಡಿದ ಕೂಡಲೇ ನಡಿಗೆ ಬದಲಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. "ನಿಮ್ಮ ನಡಿಗೆ ನೋಡ್ತೀನಿ" ಅಂದರೆ ಯಾರೂ ಮಾಮೂಲಿಯಾಗಿ ನಡೆಯುವುದಿಲ್ಲ. ಮೊದಲೆರಡು ಸುತ್ತು ಲೆಕ್ಕಕ್ಕೆ ಬೇಡ. ಏನೋ ಮಾತಾಡುತ್ತಾ ನಡೆಯಲು ಬಿಡಿ. ಮಾತಾಡಿಸಿದ ಕೂಡಲೇ ಯಾರಾದರೂ ನಿಂತೇ ಉತ್ತರ ಕೊಡುತ್ತಾರಾ? ಗಮನಿಸಿ. ನಡೆಯುವುದಕ್ಕೇ ಪೂರ್ತಿ ಗಮನ ಬೇಕಾಗಿದೆ ಅಂತ ಅರ್ಥ, ಅಂಥವರು ಬೀಳುವ ಸಾಧ್ಯತೆ ಜಾಸ್ತಿ.

ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಮೊಬೈಲನ್ನು ಸೊಂಟದ ಎತ್ತರಕ್ಕೆ ಸ್ಟೂಲಿನ ಮೇಲೆ ಇಡಿ, ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಓಡಬೇಡಿ. ಒಂದು ಸಲ ಮುಂದಿನಿಂದ, ಒಂದು ಸಲ ಹಿಂದಿನಿಂದ, ಒಂದೊಂದು ಸಲ ಎಡ ಮತ್ತು ಬಲ ಪಕ್ಕದಿಂದ. ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು. ತಿರುಗುವುದನ್ನು ಮರೆಯದೆ ಸೆರೆಹಿಡಿಯಿರಿ. ನೇರ ನಡಿಗೆಯಲ್ಲಿ ಬಚ್ಚಿಟ್ಟುಕೊಂಡ ತೊಂದರೆ ತಿರುಗುವಾಗ ಹೊರಬೀಳುತ್ತದೆ.

ಹಳೆಯ ಚಪ್ಪಲಿ ತಿರುಗಿಸಿ ನೋಡಿ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿರುವುದು ಸಹಜ. ಒಂದೇ ಕಾಲಿನ ಚಪ್ಪಲಿಯ ಬೆರಳ ತುದಿ ಸವೆದಿದ್ದರೆ ಆ ಪಾದ ನೆಲ ಉಜ್ಜುತ್ತಿದೆ.

4. ಮೊದಲು ಕಿವಿ, ಆಮೇಲೆ ಕಣ್ಣು

ಕಣ್ಣು ಮುಚ್ಚಿ ಹೆಜ್ಜೆ ಸದ್ದು ಕೇಳಿ. ಎರಡೂ ಕಾಲಿನ ನಡುವಿನ ಹೊತ್ತು ಒಂದೇ ಸಮ ಇದೆಯಾ? ಒಂದು ಕಾಲು ನೆಲದ ಮೇಲೆ ಕಡಿಮೆ ಹೊತ್ತು ನಿಂತರೆ ಬಹುಶಃ ಆ ಕಾಲಿನಲ್ಲಿ ನೋವಿದೆ. ಪಾದ ಪಟ್ ಅಂತ ಬಡಿಯುತ್ತಿದ್ದರೆ ಅದನ್ನು ಮೆಲ್ಲಗೆ ಇಳಿಸಬೇಕಾದ ಸ್ನಾಯು ಸೋತಿರಬಹುದು. ಸರ್ ಅಂತ ಉಜ್ಜಿದರೆ ಬೆರಳು ಏಳುತ್ತಿಲ್ಲ. ಸದ್ದಿನಲ್ಲಿ ತಿಳಿಯುವಷ್ಟು ಬೇಗ ಕಣ್ಣಿಗೆ ಎಷ್ಟೋ ಸಲ ತಿಳಿಯುವುದಿಲ್ಲ.

ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಗಿ, ಒಂದು ಸಲಕ್ಕೆ ಒಂದೇ ಭಾಗ. ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ಏನೂ ಕಾಣುವುದಿಲ್ಲ. ಪಾದ: ಮೊದಲು ನೆಲ ಮುಟ್ಟುವುದು ಹಿಮ್ಮಡಿಯಾ, ಬೆರಳಾ, ಪೂರ್ತಿ ಪಾದವಾ? ಮಂಡಿ: ಊರಿದಾಗ ಸ್ವಲ್ಪ ಮಡಚುತ್ತದಾ, ಹಿಂದಕ್ಕೆ ಬಾಗುತ್ತದಾ? ಬೀಸುವಾಗ ಸಾಕಷ್ಟು ಮಡಚುತ್ತದಾ? ಸೊಂಟ: ಹಿಂದಿನಿಂದ ನೋಡಿದಾಗ ಒಂದು ಕಡೆ ಕುಸಿಯುತ್ತದಾ? ಮೈ: ಯಾವ ಕಾಲು ಊರಿದಾಗ ಯಾವ ಕಡೆ ವಾಲುತ್ತದೆ? ಕೈ: ಎರಡೂ ಸಮವಾಗಿ ಬೀಸುತ್ತವಾ? ಕೊನೆಗೆ ತಲೆ: ಕಣ್ಣು ಮುಂದೆ ಇದೆಯಾ, ನೆಲದ ಮೇಲಿದೆಯಾ?

ಅಳೆಯುವುದಕ್ಕೆ ಎರಡು ಸುಲಭ ದಾರಿ. ನೆಲದಲ್ಲಿ 4 ಮೀಟರ್ ಗುರುತು ಹಾಕಿ, ಅದಕ್ಕೆ ಸ್ವಲ್ಪ ಹಿಂದಿನಿಂದಲೇ ನಡೆಯಲು ಹೇಳಿ, ಗುರುತಿನಿಂದ ಗುರುತಿಗೆ ಎಷ್ಟು ಸೆಕೆಂಡು ಅಂತ ನೋಡಿ. 5 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರ್‌ಗಿಂತ ಕಡಿಮೆ. ವಯಸ್ಸಾದವರಲ್ಲಿ ಸ್ನಾಯು ಸೊರಗಿದೆಯಾ ಅಂತ ವೈದ್ಯರು ಯೋಚಿಸುವ ಗೆರೆ ಅದು. ಇನ್ನೊಂದು: ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ, ವಾಪಸ್ ಬಂದು ಕೂರುವುದು. ಹಿರಿಯರಿಗೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಬೀಳುವ ಅಪಾಯ ಇದೆ ಅಂತ ಎಣಿಸುತ್ತಾರೆ.

5. ಕಂಡದ್ದರ ಹಿಂದೆ ಏನಿರಬಹುದು

ನೋವಿನ ಕುಂಟು ಎಲ್ಲಕ್ಕಿಂತ ಸಾಮಾನ್ಯ. ನೋವಿರುವ ಕಾಲಿನ ಮೇಲೆ ಇರುವ ಹೊತ್ತು ಕಡಿಮೆಯಾಗುತ್ತದೆ, ಆದ್ದರಿಂದ ಒಳ್ಳೆಯ ಕಾಲು ಗಡಿಬಿಡಿಯಲ್ಲಿ ಬಂದು ಊರುತ್ತದೆ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಧಡ್ ಅಂತ ಬಿದ್ದ ಕಾಲೇ ಕೆಟ್ಟದ್ದು ಅಂದುಕೊಳ್ಳುತ್ತಾರೆ. ಹೊತ್ತು ನೋಡಿ, ಸದ್ದಿನ ಜೋರು ನೋಡಬೇಡಿ.

ಈಗ ಮೈ ವಾಲಿಸುವ ನಡಿಗೆ. ಬಲ ಸೊಂಟದ ಪಕ್ಕದ ಸ್ನಾಯು ಸೋತಿದೆ ಅನ್ನೋಣ. ಬಲಗಾಲು ಊರಿದಾಗ ಎಡ ಸೊಂಟ ಕೆಳಕ್ಕೆ ಕುಸಿಯುತ್ತದೆ. ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಇದನ್ನು ವಿವರಿಸಿದರು, ಇವತ್ತಿಗೂ ಅವರ ಹೆಸರೇ ಇದಕ್ಕಿದೆ. ಸೋಲು ಇನ್ನೂ ಜಾಸ್ತಿಯಾದರೆ ದೇಹ ಮೈಯನ್ನು ಬಲಕ್ಕೇ, ಅಂದರೆ ಸೋತ ಕಡೆಗೇ ವಾಲಿಸುತ್ತದೆ. ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ಆದರೆ ಹಲಗೆಯ ಲೆಕ್ಕ ನೆನಪಿಸಿಕೊಳ್ಳಿ. ಮೈ ಬಲಕ್ಕೆ ವಾಲಿದರೆ ಭಾರ ಕೀಲಿನ ಹತ್ತಿರ ಬರುತ್ತದೆ, ಸ್ನಾಯು ಜಗ್ಗಬೇಕಾದ ಬಲ ಕಡಿಮೆಯಾಗುತ್ತದೆ. ಸೊಂಟದ ಕೀಲು ಸವೆದು ನೋಯುತ್ತಿರುವವರೂ ಇದೇ ಥರ ವಾಲುತ್ತಾರೆ, ಕೀಲಿನ ಒತ್ತು ತಗ್ಗಿಸಲು. ಕಾಣುವುದು ಒಂದೇ, ಕಾರಣ ಎರಡು. ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡು ಒಂಟಿ ಕಾಲಿನಲ್ಲಿ 30 ಸೆಕೆಂಡು ನಿಲ್ಲಿಸಿ ನೋಡಿದರೆ ಸೊಂಟ ಕುಸಿಯುತ್ತದಾ, ನೋವು ಬರುತ್ತದಾ ಅಂತ ಸ್ವಲ್ಪ ಬೇರೆ ಮಾಡಬಹುದು. ಎರಡೂ ಕಡೆಯ ಸ್ನಾಯು ಸೋತರೆ ಎರಡೂ ಕಡೆ ವಾಲಾಟ. ಇದನ್ನೇ ಬಾತುಕೋಳಿ ನಡಿಗೆ ಅನ್ನುವುದು. ಗಂಡುಮಗು ಹೀಗೆ ನಡೆಯುತ್ತಿದ್ದು, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈಯೂರಿ ಮೇಲೇರುತ್ತಿದ್ದರೆ ಸ್ನಾಯು ಕ್ಷಯದ (ಸ್ನಾಯುಗಳು ಬರಬರುತ್ತಾ ಸೊರಗುವ ಕಾಯಿಲೆ, ಮಸ್ಕ್ಯುಲರ್ ಡಿಸ್ಟ್ರೋಫಿ) ಪರೀಕ್ಷೆ ಬೇಕೇ ಬೇಕು.

ಪಾದ ಜೋತು ಬೀಳುವುದು ಇನ್ನೊಂದು. ಕಾಲು ಎತ್ತಿದಾಗ ಪಾದ ಕೆಳಕ್ಕೆ ನೇತಾಡುತ್ತದೆ. ಆ 1ರಿಂದ 2 ಸೆಂಟಿಮೀಟರ್ ಅಂತರ ಮಾಯವಾಗುತ್ತದೆ. ಎಡವದಿರಲು ವ್ಯಕ್ತಿ ಮಂಡಿಯನ್ನು ಮೆಟ್ಟಿಲು ಹತ್ತುವಷ್ಟು ಎತ್ತುತ್ತಾರೆ. ಇಲ್ಲೂ ತೊಂದರೆ ಎತ್ತರಕ್ಕೆ ಏಳುವ ಮಂಡಿಯದ್ದಲ್ಲ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಒಂದು ಮೂಳೆ ಗುಬ್ಬಿ ಕೈಗೆ ಸಿಗುತ್ತದೆ. ಪಾದ ಎತ್ತುವ ಸ್ನಾಯುಗಳ ನರ ಅದರ ಕೆಳಗಡೆಯೇ ಚರ್ಮಕ್ಕೆ ಹತ್ತಿರವಾಗಿ ಸುತ್ತಿ ಹೋಗುತ್ತದೆ. ಬಹಳ ಹೊತ್ತು ಕಾಲ ಮೇಲೆ ಕಾಲು ಹಾಕಿ ಕೂತರೆ, ಬಿಗಿ ಪ್ಲಾಸ್ಟರ್ ಒತ್ತಿದರೆ ಅಲ್ಲಿ ನರಕ್ಕೆ ಪೆಟ್ಟಾಗುತ್ತದೆ. ಕುಷ್ಠರೋಗವೂ ಈ ನರವನ್ನು ಹಾಳು ಮಾಡುತ್ತದೆ. ಬೆನ್ನಿನಲ್ಲಿ ನರದ ಬೇರು ಒತ್ತಿದರೂ ಹೀಗಾಗುತ್ತದೆ. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಯಲು ಹೇಳಿ, ಆಗದಿದ್ದರೆ ಇದು ಸ್ಪಷ್ಟ. ಪಾದವನ್ನು ಎತ್ತಿ ಹಿಡಿಯುವ ಹಗುರವಾದ ಸ್ಪ್ಲಿಂಟ್ ಹಾಕಿದರೆ ಮಂಡಿ ಎತ್ತುವುದು ಎಷ್ಟೋ ಕಡಿಮೆಯಾಗುತ್ತದೆ.

ದೇಹದ ಉಪಾಯ ಎಷ್ಟು ಚೆನ್ನಾಗಿರುತ್ತದೆ ಅಂತ ನೋಡಬೇಕಾದರೆ ತೊಡೆಯ ಮುಂದಿನ ಸ್ನಾಯು ಸೋತವರನ್ನು ನೋಡಬೇಕು. ಪೋಲಿಯೊ ಆದವರಲ್ಲಿ ಇದು ಕಾಣುತ್ತದೆ. ಭಾರ ಬಿದ್ದ ಕೂಡಲೇ ಮಂಡಿ ಮಡಚಿ ಕುಸಿಯಬೇಕು. ಅದಕ್ಕೆ ಅವರು ಪ್ರತಿ ಸಲ ಕಾಲೂರುವಾಗ ಅಂಗೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತುತ್ತಾರೆ. ಕೆಲವರು ಕೈ ಬಳಸುವುದಿಲ್ಲ, ಮೈಯನ್ನೇ ಮುಂದಕ್ಕೆ ಬಾಗಿಸಿ ಭಾರವನ್ನು ಮಂಡಿಯ ಮುಂದಕ್ಕೆ ತರುತ್ತಾರೆ. ಆಗ ಭಾರವೇ ಮಂಡಿಯನ್ನು ನೆಟ್ಟಗೆ ಹಿಡಿಯುತ್ತದೆ. ಇಂಥವರಿಗೆ "ಕೈ ತೆಗೆದು ನಡಿ" ಅನ್ನುವುದು ಅನ್ಯಾಯ. ಮಂಡಿಗೆ ಬೇರೆ ಆಧಾರ ಕೊಟ್ಟ ಮೇಲಷ್ಟೇ ಆ ಕೈಯನ್ನು ಬಿಡಿಸಬಹುದು.

ಪಾರ್ಶ್ವವಾಯು ಆದವರ ನಡಿಗೆ ಬಹಳ ಜನ ನೋಡಿರುತ್ತಾರೆ. ಕೈ ಮೊಣಕೈಯಲ್ಲಿ ಮಡಚಿ ಮೈಗೆ ಅಂಟಿರುತ್ತದೆ. ಕಾಲು ಬಿಗಿದು ನೆಟ್ಟಗಿರುತ್ತದೆ, ಪಾದ ಕೆಳಮುಖ. ಮಂಡಿ ಮಡಚದಿದ್ದರೆ ಕಾಲು ಉದ್ದವಾದ ಹಾಗೆಯೇ ಅಲ್ವಾ? ನೆಲಕ್ಕೆ ತಾಗದಿರಲು ಅದನ್ನು ಹೊರಗಿನಿಂದ ಅರ್ಧ ಸುತ್ತು ಹಾಕಿಸಿ ಮುಂದೆ ತರುತ್ತಾರೆ, ಇಲ್ಲವೇ ಸೊಂಟವನ್ನೇ ಮೇಲಕ್ಕೆ ಎತ್ತುತ್ತಾರೆ. ಮೆದುಳಿನ ಪೆಟ್ಟಿನಿಂದ ಎರಡೂ ಕಾಲು ಬಿಗಿದ ಮಕ್ಕಳಲ್ಲಿ ಮಂಡಿಗಳು ಒಂದಕ್ಕೊಂದು ಉಜ್ಜಿ ಕಾಲು ಕತ್ತರಿಯಾಗುತ್ತದೆ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಶುರುವಿನಲ್ಲೇ ಒಂದು ಕೈ ಬೀಸುವುದು ಕಡಿಮೆಯಾಗಿರುತ್ತದೆ. ಇದನ್ನು ಮನೆಯವರು ಗಮನಿಸುವುದೇ ಇಲ್ಲ, ಹಳೆಯ ವಿಡಿಯೊ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಹೆಜ್ಜೆ ಚಿಕ್ಕದಾಗುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಒಂದು ಸುತ್ತು ತಿರುಗಲು ಹತ್ತಾರು ಪುಟ್ಟ ಹೆಜ್ಜೆ ಬೇಕಾಗುತ್ತದೆ. ಬಾಗಿಲಿನ ಹತ್ತಿರ ಕಾಲು ಅಂಟಿಕೊಂಡು ನಿಂತೇಬಿಡುತ್ತಾರೆ. ಆಗ ಎಳೆಯಬೇಡಿ, ಅವಸರ ಮಾಡಬೇಡಿ. ನೆಲದ ಮೇಲೆ ಅಡ್ಡ ಗೆರೆ ತೋರಿಸಿ "ಇದನ್ನು ದಾಟಿ" ಅನ್ನಿ, ಅಥವಾ ಒಂದು, ಎರಡು ಅಂತ ತಾಳ ಹಿಡಿದು ಎಣಿಸಿ. ಕಣ್ಣಿಗೆ ಗುರುತು, ಕಿವಿಗೆ ತಾಳ ಸಿಕ್ಕರೆ ಎಷ್ಟೋ ಜನರ ಕಾಲು ಬಿಡುತ್ತದೆ.

ತೂರಾಡುವ ನಡಿಗೆಯಲ್ಲಿ ಎರಡು ಬಗೆ. ಕಿರುಮೆದುಳಿನ ತೊಂದರೆಯಾದರೆ ಕಾಲು ಅಗಲಿಸಿ, ಅಳತೆ ತಪ್ಪಿದ ಹೆಜ್ಜೆ ಹಾಕುತ್ತಾರೆ. ಒಂದೇ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಆಗುವುದಿಲ್ಲ. ಪಾದದ ಸ್ಪರ್ಶ ಜ್ಞಾನ ಹೋದವರೂ ತೂರಾಡುತ್ತಾರೆ, ಆದರೆ ಅವರ ಕಣ್ಣು ನೆಲದ ಮೇಲಿರುತ್ತದೆ. ಪಾದ ಎಲ್ಲಿದೆ ಅಂತ ನೋಡಿಯೇ ತಿಳಿಯಬೇಕು. ಹಗಲು ಪರವಾಗಿಲ್ಲ, ಕತ್ತಲಲ್ಲಿ ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ತೂಗಾಡುತ್ತಾರೆ. ಸಕ್ಕರೆ ಕಾಯಿಲೆ, ಬಿ12 ವಿಟಮಿನ್ ಕೊರತೆ ಇದಕ್ಕೆ ಸಾಮಾನ್ಯ ಕಾರಣ. ಬಿ12 ಕೊರತೆಯನ್ನು ಬೇಗ ಹಿಡಿದರೆ ಸರಿಪಡಿಸಬಹುದು.

"ವಯಸ್ಸಾಯ್ತು, ಹಾಗೇ" ಅಂತ ಬಿಟ್ಟುಬಿಡುವುದರ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ವಯಸ್ಸಾದಂತೆ ವೇಗ, ಹೆಜ್ಜೆಯ ಉದ್ದ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಪಾದ ನೆಲಕ್ಕೆ ಅಂಟಿದಂತೆ ನಡೆಯುವುದು, ಅದರ ಜೊತೆ ಮೂತ್ರ ತಡೆಯಲಾಗದಿರುವುದು, ಮರೆವು ಮೂರೂ ಸೇರಿದರೆ ಮೆದುಳಿನೊಳಗಿನ ನೀರು ಹೆಚ್ಚಾಗಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ. ಕಾಲು ಬಿಗಿದ ನಡಿಗೆಯ ಜೊತೆ ಗುಂಡಿ ಹಾಕಲು, ಬರೆಯಲು ಕೈ ತಡವರಿಸುತ್ತಿದ್ದರೆ ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಿರಬಹುದು. ಇವು ಕಾಯಿಸುವ ವಿಷಯಗಳಲ್ಲ.

ಕಾಲಿನ ಉದ್ದದಲ್ಲಿ 1 ಸೆಂಟಿಮೀಟರ್‌ವರೆಗಿನ ವ್ಯತ್ಯಾಸ ಬಹಳ ಜನರಲ್ಲಿರುತ್ತದೆ, ಏನೂ ಆಗುವುದಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಅಳೆಸಿ.

6. ಮಕ್ಕಳನ್ನು ದೊಡ್ಡವರ ಅಳತೆಯಲ್ಲಿ ನೋಡಬೇಡಿ

ಮಕ್ಕಳು ವರ್ಷದ ಆಸುಪಾಸಿನಲ್ಲಿ ನಡೆಯುತ್ತಾರೆ. ಶುರುವಿನಲ್ಲಿ ಕಾಲು ಅಗಲ, ಕೈ ಮೇಲೆ, ಪೂರ್ತಿ ಪಾದ ಒಟ್ಟಿಗೆ ಊರುವುದು. ಎಲ್ಲ ಸಹಜ. ಹಿಮ್ಮಡಿ ಮೊದಲು ಊರುವುದು, ಕೈ ಬೀಸುವುದು ಆಮೇಲೆ ಬರುತ್ತದೆ. ದೊಡ್ಡವರ ನಡಿಗೆಯಂತಾಗಲು ಸುಮಾರು 7 ವರ್ಷ ಬೇಕು. 18 ತಿಂಗಳಾದರೂ ತಾನಾಗಿ ನಡೆಯದಿದ್ದರೆ ವೈದ್ಯರಿಗೆ ತೋರಿಸಿ. ತುದಿಗಾಲ ನಡಿಗೆ ಪುಟ್ಟ ಮಕ್ಕಳಲ್ಲಿ ಸಾಮಾನ್ಯ. 3 ವರ್ಷ ದಾಟಿದ ಮೇಲೂ ಉಳಿದರೆ ಅಥವಾ ಒಂದೇ ಕಾಲಿನಲ್ಲಿದ್ದರೆ ತೋರಿಸಬೇಕು.

ಬೆಳೆಯುವ ವಯಸ್ಸಿನ ಹುಡುಗ ಅಥವಾ ಹುಡುಗಿ ಮಂಡಿ ನೋವು ಅಂತ ಕುಂಟುತ್ತಾ, ಪಾದ ಹೊರಕ್ಕೆ ತಿರುಗಿಸಿ ನಡೆಯುತ್ತಿದ್ದರೆ ಸೊಂಟದ ಕೀಲನ್ನೂ ನೋಡಿಸಿ. ತೊಡೆಮೂಳೆಯ ತಲೆ ಜಾರಿದಾಗ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಬರೀ ಮಂಡಿಯ ಎಕ್ಸ್‌ರೇ ತೆಗೆದು ಸರಿಯಿದೆ ಅಂತ ಕಳಿಸಿದರೆ ಕಾಯಿಲೆ ತಪ್ಪಿಹೋಗುತ್ತದೆ.

7. ಊರುಗೋಲು: ಎದುರು ಕೈಯಲ್ಲಿ

ಬಲ ಸೊಂಟ ಅಥವಾ ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿ. ಬಹಳ ಜನ ತಿರುಗಾಮುರುಗಾ ಹಿಡಿಯುತ್ತಾರೆ. ಬಲಗಾಲು ಊರಿದಾಗ ಸೊಂಟ ಎಡಕ್ಕೆ ಕುಸಿಯುತ್ತದೆ ಅಂತ ನೋಡಿದೆವು. ಎಡಗೈ ಕೋಲು ಆ ಕುಸಿಯುವ ಕಡೆಯನ್ನೇ ಮೇಲಕ್ಕೆ ಹಿಡಿಯುತ್ತದೆ. ಕೋಲು ಬಲ ಕೀಲಿನಿಂದ ತುಂಬಾ ದೂರ ಇರುವುದರಿಂದ ಸ್ವಲ್ಪ ಊರಿದರೂ ಸ್ನಾಯುವಿನ ಕೆಲಸ ಬಹಳ ಉಳಿಯುತ್ತದೆ, ಕೀಲಿನ ಒತ್ತೂ ಇಳಿಯುತ್ತದೆ.

ಎತ್ತರ ಹೀಗೆ ನೋಡಿ: ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಮಡಚಿರಬೇಕು. ಕೋಲು ಮತ್ತು ನೋಯುವ ಕಾಲು ಒಟ್ಟಿಗೆ ಮುಂದೆ ಹೋಗಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋಯುವ ಕಾಲು ಮೊದಲು. ತುದಿಯ ರಬ್ಬರ್ ಬೂಚು ಸವೆದಿದ್ದರೆ ಇವತ್ತೇ ಬದಲಿಸಿ.

8. ತಡ ಮಾಡಬಾರದ ಸಂದರ್ಭಗಳು

ನಡಿಗೆ ಇದ್ದಕ್ಕಿದ್ದಂತೆ ಕೆಟ್ಟು, ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು. ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ. ಮೂರರಲ್ಲಿ ಒಂದೇ ಕಂಡರೂ ಹೊರಡಿ. ಬೆನ್ನುನೋವಿನ ಜೊತೆ ಎರಡೂ ಕಾಲು ಸೋಲುವುದು, ತೊಡೆಸಂದಿಯ ಸುತ್ತ ಜೋಮು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು ಕಂಡರೂ ಅದೇ ದಿನ ಹೋಗಬೇಕು. ಜ್ವರ ಇರುವ ಮಗು ಕಾಲೂರಲು ಒಪ್ಪದಿದ್ದರೆ ಕೀಲಿನೊಳಗೆ ಕೀವು ಆಗಿರಬಹುದು, ಬೆಳಗಿನವರೆಗೆ ಕಾಯಬೇಡಿ. ವಯಸ್ಸಾದವರು ಬಿದ್ದ ಮೇಲೆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಎಬ್ಬಿಸಿ ನಡೆಸಲು ನೋಡಬೇಡಿ. ಸೊಂಟದ ಹತ್ತಿರ ಮೂಳೆ ಮುರಿದಿರಬಹುದು.

9. ವೈದ್ಯರ ಹತ್ತಿರ ಹೋಗುವಾಗ

ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವಾಗ ಶುರುವಾಯಿತು, ಒಮ್ಮೆಲೇ ಬಂತಾ, ಮೆಲ್ಲಗೆ ಬಂತಾ? ಯಾವ ಕಾಲು? ಬೆಳಗ್ಗೆ ಜಾಸ್ತಿಯಾ, ನಡೆದಷ್ಟೂ ಜಾಸ್ತಿಯಾ? ನಡೆಯುವಾಗ ಮೀನಖಂಡ ಹಿಡಿದುಕೊಂಡು, ಸುಮ್ಮನೆ ನಿಂತರೆ ಬಿಡುತ್ತದಾ, ಅಥವಾ ಕೂತು ಮುಂದಕ್ಕೆ ಬಾಗಿದರೆ ಮಾತ್ರ ಬಿಡುತ್ತದಾ? ಮೊದಲನೆಯದು ರಕ್ತನಾಳದ ಕಡೆ, ಎರಡನೆಯದು ಬೆನ್ನಿನ ಕಡೆ ಬೊಟ್ಟು ಮಾಡುತ್ತದೆ. ಇತ್ತೀಚೆಗೆ ಎಷ್ಟು ಸಲ ಬಿದ್ದರು, ಯಾವ ಕಡೆಗೆ? ಯಾವ ಮಾತ್ರೆಗಳು ನಡೆಯುತ್ತಿವೆ? ನಿದ್ದೆ ಮಾತ್ರೆ, ಬಿಪಿ ಮಾತ್ರೆಗಳಿಂದಲೂ ನಡಿಗೆ ತೂಗಾಡಬಹುದು. ಸವೆದ ಚಪ್ಪಲಿಯನ್ನೂ ಜೊತೆಗೆ ಒಯ್ಯಿರಿ.

ವಿಡಿಯೊಗೆ ದಿನಾಂಕ ಹಾಕಿಡಿ. ಚಿಕಿತ್ಸೆ, ವ್ಯಾಯಾಮ ಶುರುವಾದ ಆರು ವಾರಕ್ಕೆ ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಮೊಬೈಲ್ ಇಟ್ಟು, ಅದೇ ಚಪ್ಪಲಿಯಲ್ಲಿ ಇನ್ನೊಮ್ಮೆ ತೆಗೆಯಿರಿ. 4 ಮೀಟರ್ ಸೆಕೆಂಡುಗಳನ್ನೂ ಮತ್ತೆ ಅಳೆಯಿರಿ. ವಾಲಾಟ ಹಾಗೇ ಇದ್ದು ವೇಗ ಹೆಚ್ಚಿದ್ದರೆ, ಬೀಳುವುದು ನಿಂತಿದ್ದರೆ ಅದೂ ಗೆಲುವೇ. ಅವರಿಗೆ ಅದನ್ನು ತೋರಿಸಿ ಹೇಳಿ.